ಸೆಗಣಿಯ ಹೆಸರಿನ ಹೂವು

ಈ ಸಂಚಿಕೆಗೆಂದು ಬರೆದ ನನ್ನ ಪದ್ಯದಲ್ಲಿ ಅಜ್ಜಿ ಅಂಗಳಕ್ಕೆ ಸೆಗಣಿ ಸಾರಿಸುವ ಸಾಲೊಂದಿತ್ತು. ಅದನ್ನು ನಾನೇ ಹೊಡೆದುಹಾಕಿದ್ದೆ. ಮುಂಬಯಿಯ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದುವವನು ಕಾವ್ಯದೊಳಕ್ಕೆ ಸೆಗಣಿ ತರುವುದೆ? ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ತರಗತಿಯಲ್ಲಿ ಶೇಕ್ಸ್‌ಪಿಯರನ 'ದಿ ಟೆಂಪೆಸ್ಟ್' ಶುರುವಾಯಿತು. 1611ರಲ್ಲಿ ಇಂಗ್ಲೆಂಡಿನ ದೊರೆಯೆದುರು ಆಡಿದ ನಾಟಕ. ಅದರಲ್ಲಿ ಏರಿಯಲ್ ಎಂಬ ಗಾಳಿಯ ಚೇತನ 'ಕೌಸ್ಲಿಪ್' ಹೂವಿನೊಳಗೆ ಮಲಗುವ ಸುಖವನ್ನು ಹಾಡುತ್ತದೆ. ನಮ್ಮ ಗೈಡಿನಲ್ಲಿ ಅರ್ಥ ಹೀಗಿತ್ತು: 'ಒಂದು ಹಳದಿ ಹೂ'. ಅಷ್ಟೆ! ನಾವೂ ಬರೆದುಕೊಂಡೆವು. 'ಹಸುವಿನ ತುಟಿ ಇರಬೇಕು ಮಾರಾಯ' ಅಂದ ಪಕ್ಕದ ಬೆಂಚಿನವ. ನಾನೂ ತಲೆದೂಗಿದೆ.

ನಿಘಂಟು ತೆಗೆದು ನೋಡಿದರೆ, ಪದವನ್ನು ಒಡೆಯಬೇಕಾದ ಜಾಗವೇ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಅದು 'ಕೂ-ಸ್ಲಿಪ್ಪೆ'. ಕೂ ಅಂದರೆ ಹಸು. ಸ್ಲಿಪ್ಪೆ ಅಂದರೆ ಲೋಳೆ, ಸೆಗಣಿ! ದನ ಮೇಯುವ ಹುಲ್ಲುಗಾವಲಿನಲ್ಲಿ ಅರಳುವ ಹೂ ತಾನೆ, ಕಂಡದ್ದನ್ನೇ ಹೆಸರಾಗಿ ಇಟ್ಟಿರಬೇಕು. ಅದರ ದಾಯಾದಿ 'ಆಕ್ಸ್‌ಲಿಪ್' ಕೂಡ ಹಾಗೆಯೇ, ಎತ್ತಿನ ಸೆಗಣಿ. ಅಲ್ಲಿ ಮಾತ್ರ 'ಸ್ಲಿಪ್'ನ ಸಕಾರ 'ಆಕ್ಸ್'ನ ಸಕಾರದೊಳಗೆ ಕರಗಿಹೋಗಿ ಬರೇ ತುಟಿ ಉಳಿದಿದೆ. ಒಳ್ಳೆ ತಮಾಷೆ.

ನನ್ನ ತಕರಾರು ಗೈಡು ಬರೆಯುವವರ ಮೇಲೆ. 'ಡೇಸಿ' ಬಂದಾಗ ಇವರಿಗೆ ಎಲ್ಲಿಲ್ಲದ ಉತ್ಸಾಹ. 'ಹಗಲಿನ ಕಣ್ಣು' ಎಂಬುದು ಅದರ ಮೂಲ, ಬೆಳಗ್ಗೆ ತೆರೆದು ಸಂಜೆ ಮುಚ್ಚುತ್ತದೆ, ಚಾಸರನಿಗೆ ಬಹಳ ಪ್ರೀತಿಯ ಹೂ ಎಂದೆಲ್ಲ ಅರ್ಧ ಪುಟ ಬರೆಯುತ್ತಾರೆ. ಚೆಂದದ ಹೆಸರಿಗೆ ಹುಟ್ಟು ಹೇಳುವುದು, ಹಟ್ಟಿಯಿಂದ ಬಂದ ಹೆಸರಿಗೆ 'ಒಂದು ಹಳದಿ ಹೂ' ಎಂದು ಮುಗಿಸುವುದು, ಇದು ಯಾವ ನ್ಯಾಯ? ಇಂಗ್ಲಿಷರೇ ಸೆಗಣಿಯನ್ನು ಮರೆತಿರುವಾಗ ನಿನಗ್ಯಾಕೆ ಉಸಾಬರಿ ಎನ್ನಬಹುದು. ಅವರು ಹಗಲಿನ ಕಣ್ಣನ್ನೂ ಮರೆತೇ 'ಡೇಸಿ' ಅನ್ನುವುದಲ್ಲವೆ? ಹೇಳುವುದಾದರೆ ಎರಡನ್ನೂ ಹೇಳಲಿ. ಹೇಳಿದ್ದರೆ ನಾನು ಅಜ್ಜಿಯ ಸಾಲಿಗೆ ಗೀಟು ಎಳೆಯುತ್ತಿರಲಿಲ್ಲವೇನೋ.

ಆ ಸಾಲನ್ನು ಮತ್ತೆ ಸೇರಿಸಿ ಪದ್ಯವನ್ನು ಸಂಪಾದಕರ ಕೈಗೆ ಕೊಟ್ಟಿದ್ದೇನೆ. ಪದ್ಯ ಚೆನ್ನಾಗಿಲ್ಲವೆಂದು ಬಿಟ್ಟರೆ ಬಿಡಲಿ. ಸೆಗಣಿಯ ಕಾರಣಕ್ಕೆ ಮಾತ್ರ ಬಿಡುವುದು ಬೇಡ.