ಮೆಡಲ್ ಬಾರದಿದ್ದರೆ ಚೆಸ್ ಬೋರ್ಡ್ ಅಟ್ಟಕ್ಕೆ ಯಾಕೆ?

ನಮ್ಮ ಮಂಜೇಶ್ವರ, ಉಪ್ಪಳದ ಮನೆಗಳಲ್ಲಿ ಹೊಸದೊಂದು ಕಾಯಿಲೆ ಶುರುವಾಗಿದೆ. ಮಗ ಚೆಸ್ ಆಡುತ್ತಾನೆ ಅಂದರೆ ಸಾಕು, ಮುಂದಿನ ಪ್ರಶ್ನೆ "ರೇಟಿಂಗ್ ಎಷ್ಟು?" ಕೇಳುವ ಕಾಕನಿಗೆ ಕುದುರೆ ಹೇಗೆ ಹಾರುತ್ತದೆ ಅಂತಲೂ ಗೊತ್ತಿರುವುದಿಲ್ಲ. 2024ರಲ್ಲಿ ಗುಕೇಶ್ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದದ್ದು ನನಗೂ ಖುಷಿಯೇ. ಆದರೆ ಅದನ್ನು ನೋಡಿ ಮಗುವನ್ನು ಕೋಚಿಂಗಿಗೆ ಹಾಕುವುದು, ಎರಡು ಟೂರ್ನಮೆಂಟಿನಲ್ಲಿ ಸೋತ ಕೂಡಲೇ "ಇದೆಲ್ಲ ನಮಗಲ್ಲ" ಅಂತ ಬೋರ್ಡನ್ನು ಅಟ್ಟಕ್ಕೆ ಹಾಕುವುದು, ಇದು ಯಾವ ನ್ಯಾಯ? ನಮ್ಮ ನೆಂಟರ ಮನೆಯಲ್ಲೇ ಹೀಗಾಯಿತು. ಹುಡುಗ ಈಗ ರೀಲ್ಸ್ ನೋಡುತ್ತಾನೆ. ಅದಕ್ಕೆ ಯಾರೂ ರೇಟಿಂಗ್ ಕೇಳುವುದಿಲ್ಲ.

ಕೇಳುವವರಿಗೆ ಒಂದು ವಿಷಯ ಹೇಳುತ್ತೇನೆ. ಫಿಡೆ 2024ರ ಮಾರ್ಚಿನಿಂದ ರೇಟಿಂಗಿನ ತಳಮಟ್ಟವನ್ನೇ 1000ದಿಂದ 1400ಕ್ಕೆ ಏರಿಸಿದೆ. ಮನೆಯಲ್ಲಿ ಸುಮ್ಮನೆ ಆಡುವವನಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಬೇಕಾಗಿಯೂ ಇಲ್ಲ.

ನಾನು ಅಂಗಡಿಯವನ ಮಗ, ಲಾಭ ನಷ್ಟ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಎಲ್ಲವನ್ನೂ ಗಲ್ಲದ ಮೇಲೆ ಕುಳಿತೇ ಲೆಕ್ಕ ಹಾಕಬೇಕೇ? ಮೆಕ್ಯಾನಿಕಲ್ ಡಿಪ್ಲೊಮಾದ ಮೊದಲ ವರ್ಷ ವರ್ಕ್‌ಶಾಪಿನಲ್ಲಿ ಅರ ಹಿಡಿದು ಕಬ್ಬಿಣದ ತುಂಡನ್ನು ಚೌಕ ಮಾಡಿಸುತ್ತಾರೆ. ಎಷ್ಟೋ ತುಂಡು ಹಾಳಾಗುತ್ತವೆ. ಹಾಳು ಮಾಡುವುದೂ ಅಲ್ಲಿ ಪಾಠವೇ. ಚೆಸ್‌ನಲ್ಲಿ ಮಾತ್ರ ಮೊದಲ ತುಂಡೇ ಚೌಕ ಆಗಬೇಕು!

ತ್ರಿಶೂರು ಜಿಲ್ಲೆಯ ಮರೊಟ್ಟಿಚ್ಚಾಲ್ ಎಂಬ ಹಳ್ಳಿಯ ಕಥೆ ನಿಮಗೂ ಗೊತ್ತಿರಬಹುದು. ಕುಡಿತ, ಜೂಜಿನಿಂದ ಕಂಗಾಲಾದ ಊರಿನಲ್ಲಿ ಉಣ್ಣಿಕೃಷ್ಣನ್ ಎಂಬ ಚಹಾ ಅಂಗಡಿಯವರು ಗಿರಾಕಿಗಳಿಗೆ ಚೆಸ್ ಕಲಿಸಿದರು. ಹಾಗೆ ಇಡೀ ಊರೇ ಆಡಲು ಕಲಿತದ್ದು. ಗ್ರ್ಯಾಂಡ್‌ಮಾಸ್ಟರ್‌ಗಳನ್ನು ತಯಾರಿಸಲು ಅಲ್ಲ, ಸಂಜೆ ಕಳೆಯಲು. ನಮ್ಮ ಅಂಗಡಿ ಜಗಲಿಗಳೇನು ಕಡಿಮೆ?

ಪಣ ಇಟ್ಟು, ನಮಾಝ್ ತಪ್ಪಿಸಿ ಆಡುವುದರ ಬಗ್ಗೆ ಉಸ್ತಾದರು ಹೇಳುವುದಕ್ಕೆ ನನ್ನ ತಕರಾರಿಲ್ಲ. ನಾನು ಹೇಳುತ್ತಿರುವುದು ಊಟವಾದ ಮೇಲಿನ ಅರ್ಧ ಗಂಟೆಯ ಆಟದ ಬಗ್ಗೆ. ನಮ್ಮ ಗಡಿಯಲ್ಲಿ ಅದರ ಮಜವೇ ಬೇರೆ. ಕನ್ನಡ ಶಾಲೆಯವನಿಗೆ ಮೂಲೆಯದ್ದು ಆನೆ, ಕುದುರೆಯ ಆಚೆಯದ್ದು ಒಂಟೆ. ಮಲಯಾಳಂ ಶಾಲೆಯವನಿಗೆ ಆ ಒಂಟೆಯೇ ಆನೆ, ಮೂಲೆಯದ್ದು ತೇರು. ಇಬ್ಬರೂ ಕುಳಿತರೆ ಆಟ ಶುರುವಾಗುವ ಮೊದಲೇ ಅರ್ಧ ಜಗಳ ಮುಗಿದಿರುತ್ತದೆ.

ಬೋರ್ಡ್ ಗಂಡು ಹುಡುಗರ ಸೊತ್ತೂ ಅಲ್ಲ. ನಾಲ್ಕು ಮಕ್ಕಳ ಟೈಮ್‌ಟೇಬಲ್, ಗಲ್ಫಿನ ಫೋನು, ಅಡುಗೆ ಎಲ್ಲ ಒಟ್ಟಿಗೆ ತಲೆಯಲ್ಲಿಟ್ಟು ನಡೆಸುವ ಉಮ್ಮನಿಗೆ ಎರಡು ನಡೆ ಮುಂದೆ ಯೋಚಿಸಲು ಯಾರೂ ಕಲಿಸಬೇಕಾಗಿಲ್ಲ. ಕಾಯಿ ಹೇಗೆ ನಡೆಸುವುದೆಂದು ತೋರಿಸಿದರೆ ಸಾಕು.

ಮುಂದಿನ ಪೆರ್ನಾಲಿಗೆ ಬಿರಿಯಾನಿ ಆದ ಮೇಲೆ ಬೋರ್ಡ್ ಕೆಳಗಿಳಿಸಿ. ಮಕ್ಕಳು ಮಂತ್ರಿಯನ್ನು ಪುಕ್ಕಟೆ ಕಳೆದುಕೊಳ್ಳಲಿ, ನೀವೂ ಕಳೆದುಕೊಳ್ಳಿ. ಯಾರು ಗೆದ್ದರು ಅಂತ ಸ್ಟೇಟಸ್ ಮಾತ್ರ ಹಾಕಬೇಡಿ.