ಮುಂಬಯಿಯನ್ನು ಮುಗಿಸುವವರು

ಕಳೆದ ವಾರ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಒಂದು ಚೀಟಿ ನನ್ನ ಕೈಗೆ ಬಂತು. ವಾಣಿಜ್ಯ ವಿಭಾಗದ ಮಿತ್ರರೊಬ್ಬರು ಬರುವ ತಿಂಗಳ ಒಂದು ಶನಿವಾರ, ಆದಿತ್ಯವಾರ ಹೆಂಡತಿ ಮಕ್ಕಳೊಡನೆ ಮುಂಬಯಿಗೆ ಹೊರಟಿದ್ದಾರೆ. ಅಲ್ಲಿ ನೋಡಬೇಕಾದುದರ ಪಟ್ಟಿ ಆ ಚೀಟಿಯಲ್ಲಿತ್ತು. ಗೇಟ್‌ವೇ, ಎಲಿಫೆಂಟಾ, ವಸ್ತುಸಂಗ್ರಹಾಲಯ, ಛತ್ರಪತಿ ಶಿವಾಜಿ ಮಹಾರಾಜ ನಿಲ್ದಾಣ, ಮರೀನ್ ಡ್ರೈವ್, ಮಲಬಾರ್ ಗುಡ್ಡದ ಉದ್ಯಾನ, ಮಹಾಲಕ್ಷ್ಮಿ, ಹಾಜಿ ಅಲಿ, ಸಿದ್ಧಿವಿನಾಯಕ, ಬಾಂದ್ರಾ-ವರ್ಲಿ ಸೇತುವೆ, ಜುಹೂ, ಚಿತ್ರನಟರ ಮನೆಗಳು, ಕಾನ್ಹೇರಿ—ಹೀಗೆ ಹದಿಮೂರು. ಹದಿನಾಲ್ಕನೆಯದಾಗಿ, ಬೇರೆ ಶಾಯಿಯಲ್ಲಿ, “ಅಣ್ಣನ ಮನೆ, ಮೀರಾ ರೋಡ್—ಸಮಯವಿದ್ದರೆ” ಎಂದು ಬರೆದಿತ್ತು. “ನೀವು ಮುಂಬಯಿಯನ್ನು ಬಲ್ಲವರು. ಎರಡು ದಿನದಲ್ಲಿ ಇಷ್ಟನ್ನೂ ಮುಗಿಸಬಹುದೆ, ನೋಡಿ ಹೇಳಿ” ಎಂದರು ಮಿತ್ರರು.

ನಾನು ಆ ಹೊತ್ತಿಗೆ ಏನೂ ಹೇಳಲಿಲ್ಲ. ಹೇಳಬೇಕಾದುದು ಅವರೊಬ್ಬರಿಗೆ ಮಾತ್ರವಲ್ಲವೆಂದು ತೋರಿ ಇಲ್ಲಿ ಬರೆಯುತ್ತಿದ್ದೇನೆ. ಅವರು ಕ್ಷಮಿಸಬೇಕು.

ಮೊದಲು ಆ ‘ಮುಗಿಸು’ ಎಂಬ ಕ್ರಿಯಾಪದದ ಮೇಲೆಯೇ ನನ್ನ ತಕರಾರು. ಕನ್ನಡ ಕಲಿಸುವವನ ಚಟವೆಂದು ನಕ್ಕುಬಿಡಬೇಡಿ. ನಾವು ಊಟ ಮುಗಿಸುತ್ತೇವೆ, ಕೆಲಸ ಮುಗಿಸುತ್ತೇವೆ, ಪರೀಕ್ಷೆಯ ಪಠ್ಯವನ್ನು ಹೇಗೋ ಮುಗಿಸುತ್ತೇವೆ. ಆದರೆ ಊರಿಗೆ ನಾವು ‘ಹೋಗಿ ಬರುವವರು’. ಕಾಶಿಗೆ ಹೋಗಿ ಬಂದ ಅಜ್ಜಿ ಕಾಶಿಯನ್ನು ಮುಗಿಸಿದೆ ಎನ್ನಲಿಲ್ಲ. ಹೊರಡುವಾಗ ಬರಿದೇ ‘ಹೋಗುತ್ತೇನೆ’ ಎನ್ನಲೂ ಅಂಜುವ ಜನ ನಾವು. ‘ಬರುತ್ತೇನೆ’ ಎಂದೇ ಹೊಸ್ತಿಲು ದಾಟುತ್ತೇವೆ. ಅಂಥ ನಮ್ಮ ಬಾಯಲ್ಲಿ ಈಗ ಊರುಗಳು ಮುಗಿಯತೊಡಗಿವೆ. ಇನ್ನೂ ಮುಂದೆ ಹೋದವರು ‘ಕವರ್ ಮಾಡಿದೆವು’ ಎನ್ನುತ್ತಾರೆ. ಮುಚ್ಚಿಟ್ಟು ಬಂದದ್ದನ್ನು ನೋಡಿದ್ದು ಯಾವಾಗ ಎಂದು ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ.

ನಮ್ಮ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು (೧೯೨೮–೨೦೧೪) ಬದುಕಿನ ಬಹುಭಾಗವನ್ನು ಮುಂಬಯಿಯಲ್ಲೇ ಕಳೆದರು. ೧೯೭೯ರಲ್ಲಿ ‘ಶಿಕಾರಿ’ಯನ್ನು ಕೊಟ್ಟ ಮೇಲೂ ಅವರಿಗೆ ಆ ನಗರ ಮುಗಿಯಲಿಲ್ಲ. ಕೊನೆಯವರೆಗೂ ಅದರ ಬಗೆಗೇ ಬರೆದರು. ಗೋಕರ್ಣದ ಜಯಂತ ಕಾಯ್ಕಿಣಿಯವರು ವರ್ಷಗಟ್ಟಲೆ ಅಲ್ಲಿದ್ದು ಬರೆದ ಕತೆಗಳು ಇಂಗ್ಲಿಷಿಗೆ ಹೋಗಿ, ೨೦೧೮ರ ಸಾಲಿನ ದಕ್ಷಿಣ ಏಷ್ಯಾ ಸಾಹಿತ್ಯದ ಡಿಎಸ್‌ಸಿ ಬಹುಮಾನವನ್ನು ಪಡೆದವು. ಅವರಿಗೂ ಮುಂಬಯಿ ಮುಗಿದಂತಿಲ್ಲ. ನಮ್ಮ ವಾಣಿಜ್ಯದ ಮಿತ್ರರಿಗೆ ಮಾತ್ರ ಎರಡು ದಿನ ಸಾಕು!

ಆ ಎರಡು ದಿನಗಳ ಲೆಕ್ಕವನ್ನಾದರೂ ನೋಡೋಣ. ಲೆಕ್ಕ ಅವರ ಶಾಸ್ತ್ರವೇ ತಾನೆ? ಶುಕ್ರವಾರ ಸಂಜೆ ಕುಮಟೆಯಲ್ಲಿ ಗಾಡಿ ಹತ್ತಿದರೆ ಬೆಳಗಾಗುವಾಗ ಕುರ್ಲಾದ ಟರ್ಮಿನಸ್ಸು. ವಸತಿ ಹುಡುಕಿ, ಸ್ನಾನ ತಿಂಡಿ ಮುಗಿಸಿ ಹೊರಬೀಳುವಾಗ ಒಂಬತ್ತು. ಆದಿತ್ಯವಾರ ಮಧ್ಯಾಹ್ನವೇ ಮರಳುವ ಗಾಡಿ. ಸೋಮವಾರ ಮೊದಲ ತರಗತಿ ತಪ್ಪಬಾರದಲ್ಲ! ಎಂದರೆ ಶನಿವಾರ ಹನ್ನೆರಡು ಗಂಟೆ, ಆದಿತ್ಯವಾರ ಹೆಚ್ಚೆಂದರೆ ಐದು. ಒಟ್ಟು ಹದಿನೇಳು. ಊಟ, ಚಹ, ಮಕ್ಕಳ ಬಾಯಾರಿಕೆಗಳಿಗೆ ಮೂರು ಕಳೆಯಿರಿ. ಉಳಿದದ್ದು ಹದಿನಾಲ್ಕು ಗಂಟೆ, ಹದಿನಾಲ್ಕು ಸ್ಥಳ. ಒಂದೊಂದಕ್ಕೆ ಒಂದೊಂದು ಗಂಟೆ. ಹೋಗುವ ಹಾದಿಯೂ ಅದರಲ್ಲೇ ಸೇರಿತು. ಎಲಿಫೆಂಟಾಕ್ಕೆ ದೋಣಿಯಲ್ಲಿ ಹೋಗಲು ಸುಮಾರು ಒಂದು ಗಂಟೆ, ಬರಲು ಒಂದು ಗಂಟೆ. ಇಳಿದ ಮೇಲೆ ಗುಡ್ಡದ ಮೆಟ್ಟಿಲು ಬೇರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಮಕ್ಕಳಿಗೆ ಕಲಿಸುವ ನಾವು ಎರಡು ದಿನದ ಹಾಸಿಗೆಯಲ್ಲಿ ಹದಿನಾಲ್ಕು ಕಾಲು ಚಾಚುತ್ತೇವೆ.

ಊರಿನ ಆಕಾರವನ್ನಾದರೂ ತಿಳಿದು ಪಟ್ಟಿ ಮಾಡಿದ್ದರೆ ಒಂದು ಮಾತು. ಕೊಲಾಬಾ, ಮಾಝಗಾಂವ್, ಪರೇಲ್, ವರ್ಲಿ, ಮಾಹಿಮ್ ಮೊದಲಾದ ಏಳು ದ್ವೀಪಗಳ ನಡುವಣ ಕಡಲನ್ನು ತುಂಬಿ ತುಂಬಿ ಬೆಸೆದ ಊರು ಮುಂಬಯಿ. ಬೃಹನ್ಮುಂಬಯಿಯ ವಿಸ್ತಾರ ಸುಮಾರು ೬೦೩ ಚದರ ಕಿಲೋಮೀಟರು. ೨೦೧೧ರ ಜನಗಣತಿಯಲ್ಲಿ ಒಂದು ಕೋಟಿ ಇಪ್ಪತ್ತನಾಲ್ಕು ಲಕ್ಷ ಜನ. ಅದರಾಚೆಗೆ ಠಾಣೆ, ಕಲ್ಯಾಣ, ವಿರಾರ, ಪನ್ವೇಲ್ ಎಂದು ಹಬ್ಬಿಕೊಂಡದ್ದು ಬೇರೆ. ಬೆಂಗಳೂರು ಚಕ್ರದಂತೆ ಸುತ್ತಲೂ ಹರಡಿದರೆ, ಮುಂಬಯಿ ಕಡಲ ಅಂಚಿನಲ್ಲಿ ದಕ್ಷಿಣೋತ್ತರವಾಗಿ ಚಾಚಿದ ಉದ್ದದ ಊರು. ಚರ್ಚ್‌ಗೇಟಿನಿಂದ ಬೊರಿವಲಿಗೆ ಸುಮಾರು ೩೪ ಕಿಲೋಮೀಟರು, ವಿರಾರಕ್ಕೆ ೬೦. ೧೮೫೩ರ ಏಪ್ರಿಲ್ ೧೬ರಂದು ಬೋರಿ ಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ಗಾಡಿ ಓಡಿದಂದಿನಿಂದ ಈ ಊರಿನ ಬೆನ್ನೆಲುಬು ರೈಲಿನ ಹಳಿ. ಪಶ್ಚಿಮ, ಮಧ್ಯ, ಹಾರ್ಬರ್ ಎಂಬ ಮೂರು ಮಾರ್ಗಗಳನ್ನು ಬಲ್ಲವನಿಗೆ ಮುಂಬಯಿ ದಾರಿ ಬಿಡುತ್ತದೆ. ಬಾಡಿಗೆಯ ಕಾರಿನಲ್ಲಿ ಕುಳಿತು ಒಮ್ಮೆ ಕೊಲಾಬಾ, ಒಮ್ಮೆ ಜುಹೂ, ಮತ್ತೆ ಮಹಾಲಕ್ಷ್ಮಿ ಎಂದು ಓಡಾಡುವವನು ಕಾಣುವುದು ಮುಂದಿನ ಕಾರಿನ ಹಿಂಭಾಗವನ್ನು.

ಇನ್ನು ಓಡಿ ಓಡಿ ನೋಡಿದ್ದಾದರೂ ಏನು? ೨೦೦೯ರಲ್ಲಿ ತೆರೆದ ಆ ಸಮುದ್ರ ಸೇತುವೆಯ ಮೇಲೆ ನಿಲ್ಲಲು ಯಾರಿಗೂ ಅಪ್ಪಣೆಯಿಲ್ಲ. ಅದು ನೋಡುವ ಸ್ಥಳವಲ್ಲ, ದಾಟುವ ಸ್ಥಳ. ಎಲಿಫೆಂಟಾವನ್ನು ಮುಗಿಸಿ ಬಂದವರನ್ನು, ಅಲ್ಲಿ ಆನೆ ಎಲ್ಲಿದೆ ಎಂದು ಕೇಳಿ ನೋಡಿ. ಆ ದ್ವೀಪಕ್ಕೆ ಹೆಸರು ತಂದ ಕಲ್ಲಿನ ಆನೆ ಅಲ್ಲಿಲ್ಲ. ೧೮೬೪ರಲ್ಲಿ ಅದನ್ನು ವಿಲಾಯಿತಿಗೆ ಸಾಗಿಸಹೋಗಿ ಒಡೆದರು. ತುಂಡುಗಳನ್ನು ಮತ್ತೆ ಜೋಡಿಸಿ ನಿಲ್ಲಿಸಿರುವುದು ಭಾಯಖಳದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಹೊರಗೆ. ೬೩೪ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೊಗಳಿದ, ಇಮ್ಮಡಿ ಪುಲಕೇಶಿಯ ಹಡಗುಗಳು ಮುತ್ತಿದ ಪುರಿ ಈ ಘಾರಾಪುರಿಯೇ ಇರಬೇಕೆಂದು ಕೆಲವು ವಿದ್ವಾಂಸರ ಮತ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದ ಕನ್ನಡಿಗನಿಗೆ ಆ ಒಂದು ಗಂಟೆಯ ದೋಣಿಯ ಹಾದಿಯೇ ಒಂದು ಯಾತ್ರೆ. ಮುಗಿಸಹೋದವನಿಗೆ ಅದು ಹದಿನಾಲ್ಕರಲ್ಲಿ ಎರಡನೆಯದು.

ನನ್ನ ಮಾತಿಗೆ ಉತ್ತರವಿಲ್ಲದೆ ಇಲ್ಲ. “ನೀವು ಹತ್ತು ಸಲ ಹೋದವರು, ನಿಮಗೆ ಈ ವೈರಾಗ್ಯ ಸಲ್ಲುತ್ತದೆ. ನಾವು ಹೋಗುವುದು ಜನ್ಮಕ್ಕೊಮ್ಮೆ. ಮಕ್ಕಳು ಎಲ್ಲವನ್ನೂ ನೋಡಲಿ ಎಂಬ ಆಸೆ ತಪ್ಪೆ?” ಎಂದು ಕೇಳಬಹುದು. ತಪ್ಪಲ್ಲ. ಸಂಬಳ ಉಳಿಸಿ, ರಜೆ ಹೊಂದಿಸಿ ಹೋಗುವ ಸಂಸಾರಸ್ಥನ ಆಸೆಯನ್ನು ನಾನು ಹೀಗಳೆಯಲಾರೆ. ಆದರೆ ಜನ್ಮಕ್ಕೊಮ್ಮೆ ಸಿಕ್ಕ ಊಟವೆಂದು ಹದಿನಾಲ್ಕು ಎಲೆಗಳಿಂದ ಒಂದೊಂದು ತುತ್ತು ಕಚ್ಚಿ ಓಡುವುದು ಊಟವಾಯಿತೆ? ಜನ್ಮಕ್ಕೊಮ್ಮೆ ಎಂಬುದೇ ನಿಜವಾದರೆ ಕಡಿಮೆ ನೋಡಲು ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಸಂಜೆಯ ಹೊತ್ತಿಗೆ ಮಕ್ಕಳು ಕಾರಿನಲ್ಲಿ ಬಾಯ್ದೆರೆದು ಮಲಗಿರುತ್ತಾರೆ. “ಏಳೋ, ಹಾಜಿ ಅಲಿ ಬಂತು” ಎಂದು ತಂದೆ ಎಬ್ಬಿಸುತ್ತಿರುತ್ತಾನೆ. ಇದನ್ನು ನಾನು ಊಹಿಸಿ ಬರೆಯುತ್ತಿಲ್ಲ. ಹಾಗೆ ಎಬ್ಬಿಸಿದ ತಂದೆ ನಾನೇ.

೨೦೦೯ರ ದಸರೆಯ ರಜೆಯಲ್ಲಿ ನಾನೂ ಒಂದು ಚೀಟಿ ಬರೆದಿದ್ದೆ. ಹೆಂಡತಿ, ಮಗ, ನನ್ನ ತಾಯಿ ಜೊತೆಗಿದ್ದರು. ತಾಯಿಯ ತಮ್ಮ, ನನ್ನ ಸೋದರಮಾವ, ಡೊಂಬಿವಲಿಯಲ್ಲಿದ್ದ. ಹದಿನಾಲ್ಕನೆಯ ವಯಸ್ಸಿಗೆ ಊರು ಬಿಟ್ಟು, ಫೋರ್ಟಿನ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ, ಕಡೆಗೆ ಒಂದು ಗುಮಾಸ್ತೆಯ ಕೆಲಸ ಹಿಡಿದವನು. ನಾನು ಧಾರವಾಡದಲ್ಲಿ ಎಂ.ಎ. ಓದುವಾಗ ತಿಂಗಳು ತಿಂಗಳು ಅವನ ಮನಿಯಾರ್ಡರು ಬರುತ್ತಿತ್ತು. ಅವನ ಮನೆ ನನ್ನ ಚೀಟಿಯಲ್ಲೂ ಕಡೆಗೇ ಇತ್ತು. ‘ಸಮಯವಿದ್ದರೆ’ ಎಂದು ಬರೆದಿರಲಿಲ್ಲ, ಅಷ್ಟೇ, ಅರ್ಥ ಅದೇ.

ಶನಿವಾರ ಜುಹೂ ತಲುಪುವಾಗಲೇ ಕತ್ತಲಾಗಿತ್ತು. ಆದಿತ್ಯವಾರ ಬೆಳಿಗ್ಗೆ ಎಲಿಫೆಂಟಾದಿಂದ ಮರಳಿ ಗೇಟ್‌ವೇಯಲ್ಲಿ ಇಳಿದಾಗ ಗಂಟೆ ಹನ್ನೆರಡೂವರೆ. ಡೊಂಬಿವಲಿ ಅಲ್ಲಿಂದ ಹೆಚ್ಚುಕಡಿಮೆ ಐವತ್ತು ಕಿಲೋಮೀಟರು. ಫೋನು ಮಾಡಿ “ಮುಂದಿನ ಸಲ ಖಂಡಿತ ಬರುತ್ತೇವೆ ಮಾವ” ಎಂದೆ. ಆಚೆಯಿಂದ “ಅಡಿಗೆ ಆಗಿದೆಯಲ್ಲೋ” ಎಂದ. ಆಮೇಲೆ ತಾನೇ, “ಇರಲಿ, ನಾನೇ ಬರುತ್ತೇನೆ” ಎಂದ. ಆದಿತ್ಯವಾರಗಳಲ್ಲಿ ರೈಲ್ವೆಯವರು ‘ಮೆಗಾ ಬ್ಲಾಕ್’ ಎಂದು ಕೆಲವು ಹಳಿಗಳನ್ನು ಗಂಟೆಗಟ್ಟಲೆ ದುರಸ್ತಿಗೆ ಬಿಡುವುದುಂಟು. ಅಂದೂ ಹಾಗೇ ಆಗಿತ್ತು. ಎರಡು ಲೋಕಲು ಬದಲಿಸಿ, ಕಿಕ್ಕಿರಿದ ಗಾಡಿಯಲ್ಲಿ ನಿಂತು, ಅವನು ಕುರ್ಲಾಕ್ಕೆ ಬಂದ. ಕೈಯಲ್ಲಿ ಉಕ್ಕಿನ ಡಬ್ಬಿ. ಗಾಡಿ ಬಿಡಲು ಹತ್ತು ನಿಮಿಷವಿತ್ತು. ಅಕ್ಕ ತಮ್ಮ ಕಿಟಕಿಯ ಸರಳಿನ ಆಚೆ ಈಚೆ ನಿಂತು ಮಾತಾಡಿದ್ದು ಅಷ್ಟೇ ಹೊತ್ತು. ೨೦೧೧ರಲ್ಲಿ ಅವನು ತೀರಿಕೊಂಡ. ನಡುವೆ ತಾಯಿಗೆ ಹೋಗಲಾಗಲಿಲ್ಲ.

ತಾಯಿ ನನ್ನನ್ನು ಏನೂ ಅನ್ನಲಿಲ್ಲ. ಆ ಪ್ರವಾಸದ ಛಾಯಾಚಿತ್ರಗಳು ನಮ್ಮ ಮನೆಯಲ್ಲಿವೆ. ಹದಿಮೂರು ಸ್ಥಳಗಳೂ ಇವೆ. ಮಾವನದೊಂದು ಇಲ್ಲ.

ಹಾಗೆಂದು ಪ್ರವಾಸಿಗರೆಲ್ಲ ನೆಂಟರ ಮನೆಗಳಲ್ಲಿ ಕಾಲ ಕಳೆಯಲಿ ಎಂಬುದು ನನ್ನ ವಾದವಲ್ಲ. ನನ್ನ ವಾದ ಇಷ್ಟೆ: ನಮ್ಮ ಪಾಲಿಗೆ ಮುಂಬಯಿ ಕೇವಲ ಒಂದು ನೋಟವಲ್ಲ. ೧೮೬೨ರಿಂದ ೧೯೫೬ರ ನವೆಂಬರ್ ೧ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಕರ್ನಾಟಕ ವಿಶ್ವವಿದ್ಯಾಲಯ ೧೯೪೯ರಲ್ಲಿ ಹುಟ್ಟಿದ್ದೂ ಮುಂಬಯಿಯಲ್ಲೇ. ಧಾರವಾಡಕ್ಕೆ ಬಂದದ್ದು ಮರುವರ್ಷ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಹೆಂಚು ಅಲ್ಲಿಯ ಹೋಟೆಲಿನ ಬೆವರಿನಿಂದ ಬಂದದ್ದು. ಆ ಊರಿನಲ್ಲಿ ದುಡಿಯುವವನಿಗೆ ಬಿಡುವು ಸಿಗುವುದು ಆದಿತ್ಯವಾರ ಒಂದು ದಿನ. ಅಂದು ಡಬ್ಬಾವಾಲರಿಗೂ ರಜೆ, ಫೋರ್ಟಿನ ಕಚೇರಿಗಳ ಬೀದಿಗಳೆಲ್ಲ ಬಿಕೋ ಎನ್ನುತ್ತವೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಂಥ ಕಡೆ ಒಂದು ನಾಟಕವೋ ಉಪನ್ಯಾಸವೋ ಇದ್ದರೆ ಜನ ಸೇರುವುದೂ ಇಂಥ ರಜೆಯ ದಿನಗಳಲ್ಲೇ. ವಾರಾಂತ್ಯಕ್ಕೆ ಹೋಗುವವನ ಭಾಗ್ಯವೇ ಇದು: ಅವನು ಹೋದ ದಿನ ಜನ ಮನೆಯಲ್ಲಿರುತ್ತಾರೆ. ಕಲ್ಲಿನ ತ್ರಿಮೂರ್ತಿ ಬೇರೆ ದಿನಗಳಲ್ಲೂ ಸಿಗುತ್ತಾನೆ, ಸೋಮವಾರ ಮಾತ್ರ ಇಲ್ಲ. ಅಣ್ಣ ಸಿಗುವುದು ಆದಿತ್ಯವಾರ.

ಆದುದರಿಂದ ಮಿತ್ರರ ಚೀಟಿಯನ್ನು ನಾನು ಹೀಗೆ ತಿದ್ದಿದ್ದೇನೆ. ಒಂದು ದಿನಕ್ಕೆ ಒಂದೇ ದಿಕ್ಕು. ಶನಿವಾರ ದಕ್ಷಿಣ: ಬೆಳಿಗ್ಗೆ ಮೊದಲ ದೋಣಿಗಳಲ್ಲೇ ಎಲಿಫೆಂಟಾ, ಮಧ್ಯಾಹ್ನದ ಮೇಲೆ, ದಣಿವು ನೋಡಿಕೊಂಡು, ವಸ್ತುಸಂಗ್ರಹಾಲಯ, ಅಲ್ಲಿಂದ ನಡೆದೇ ೧೮೮೮ರಲ್ಲಿ ಪೂರ್ತಿಯಾದ ಆ ದೊಡ್ಡ ರೈಲು ನಿಲ್ದಾಣ, ಸಂಜೆ ಮರೀನ್ ಡ್ರೈವಿನ ಕಟ್ಟೆ. ಕಟ್ಟೆಯ ಮೇಲೆ ಸುಮ್ಮನೆ ಕೂರಬೇಕು, ಅದಕ್ಕೂ ಒಂದು ಗಂಟೆ ಇಟ್ಟಿದ್ದೇನೆ. ಹಿಂದಿನ ರಾತ್ರಿಯೇ ಮೆಗಾ ಬ್ಲಾಕಿನ ಪ್ರಕಟಣೆ ನೋಡಿಕೊಂಡು, ಆದಿತ್ಯವಾರ ಬೆಳಿಗ್ಗೆ ಉತ್ತರಕ್ಕೆ ಲೋಕಲು ಹಿಡಿದು ಮೀರಾ ರೋಡಿನ ಅಣ್ಣನ ಮನೆ. ಮಕ್ಕಳಿಗೆ ಗುಹೆ ಬೇಕೇ ಬೇಕೆಂದರೆ ಕಾನ್ಹೇರಿಗೆ ಹೋಗಲು ಇಳಿಯಬೇಕಾದ ಬೊರಿವಲಿ ಅದೇ ಹಳಿಯ ಮೇಲಿದೆ. ಅಣ್ಣನ ಮಕ್ಕಳನ್ನೂ ಕರೆದುಕೊಂಡು ಹೋಗಲಿ. ಆದರೆ ಅದಕ್ಕೆ ಮರಳುವ ಗಾಡಿಯನ್ನು ರಾತ್ರಿಗೆ ಬದಲಿಸಿ, ಸೋಮವಾರ ಒಂದು ದಿನ ರಜೆ ಹಾಕಬೇಕು. ವಾಣಿಜ್ಯಶಾಸ್ತ್ರ ಒಂದು ದಿನ ತಡೆದೀತು.

ಉಳಿದ ಹೆಸರುಗಳನ್ನು ನಾನು ಹೊಡೆದುಹಾಕಲಿಲ್ಲ. ಹೊಡೆದರೆ ಅವರ ಹೆಂಡತಿಗೆ ನೋವಾದೀತು. ಸಿದ್ಧಿವಿನಾಯಕನಿಗೆ ಅವರದೊಂದು ಹರಕೆ ಇದೆಯಂತೆ. ಹದಿನಾಲ್ಕನೆಯದನ್ನು ತಂದು ಮೊದಲಿಗಿಟ್ಟು, ಅದರ ಮುಂದಿದ್ದ ‘ಸಮಯವಿದ್ದರೆ’ ಎಂಬ ಮಾತನ್ನು ಕಿತ್ತು ಉಳಿದವುಗಳ ಮುಂದೆ ಬರೆದಿದ್ದೇನೆ. ಮಿತ್ರರು ಚೀಟಿಯನ್ನು ತೆಗೆದುಕೊಂಡು ಹೋಗಿದ್ದಾರೆ. ಒಪ್ಪಿದರೋ ಇಲ್ಲವೋ ಇನ್ನೂ ಹೇಳಿಲ್ಲ.