ಸಿಟ್ಟಿನ ಹಾಡು, ಅಳಲಿನ ಹಾಡು

ಕವಿಯ ಎಳವೆಯ ಹಾಡು ಮೇಲೋ, ಮಾಗಿದ ಮೇಲಿನದು ಮೇಲೋ ಎಂಬ ಚರ್ಚೆ ಹಳೆಯದು. ಸಮಾಜವನ್ನು ಟೀಕಿಸುವ ಹಾಡುಗಳ ವಿಷಯದಲ್ಲಂತೂ ಅದು ಬೇಗನೆ ಆರೋಪವಾಗುತ್ತದೆ. 'ಮೊದಲಿನ ಕಾವು ಈಗಿಲ್ಲ' ಎಂಬ ಮಾತನ್ನು ಅಮೆರಿಕದ ಬಾಬ್ ಡಿಲನ್ 1964ರಲ್ಲಿಯೇ ಕೇಳಬೇಕಾಯಿತು. ನಮ್ಮ ಸಿದ್ಧಲಿಂಗಯ್ಯನವರಿಗೂ ಅದು ತಪ್ಪಲಿಲ್ಲ.

ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಜನಿಸಿದ ಈ ಕವಿಯ ಮೊದಲ ಸಂಕಲನ 'ಹೊಲೆ ಮಾದಿಗರ ಹಾಡು' 1975ರಲ್ಲಿ ಹೊರಬಂದಿತು. ಅಲ್ಲಿ ಶೋಷಕನು ಎದುರಿಗೇ ನಿಂತಿದ್ದಾನೆ. ಕವಿ ಅವನನ್ನು ಕೇರಿಯ ಆಡುಮಾತಿನಲ್ಲಿಯೇ ಬೈಯುತ್ತಾರೆ. ಇದಕ್ಕೆ ಕಾರಣವುಂಟು. ಈ ಹಾಡುಗಳು ಕೇವಲ ಓದಿಗೆಂದು ಹುಟ್ಟಿದವಲ್ಲ. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ತಮಟೆಯೊಡನೆ ಮೊಳಗಿ, ಅಕ್ಷರ ಬಾರದವರ ನಾಲಿಗೆಯ ಮೇಲೂ ನಿಂತವು. 1979ರ 'ಸಾವಿರಾರು ನದಿಗಳು' ಸಂಕಲನದಲ್ಲಿ ಒಬ್ಬನ ಸಿಟ್ಟು ಹರಿದುಬರುವ ಜನಸಮೂಹವೇ ಆಯಿತು.

'ಕಪ್ಪು ಕಾಡಿನ ಹಾಡು' ಬರುವ ವೇಳೆಗೆ ದನಿ ತಗ್ಗಿತು. ಬೈಗುಳಕ್ಕಿಂತ ರೂಪಕ, ಕೂಗಿಗಿಂತ ಅಳಲು ಮುಂದಾಯಿತು. ಅನಂತರ ಗ್ರಾಮದೇವತೆಗಳ ಸಂಶೋಧನೆ, ವಿಧಾನ ಪರಿಷತ್ತಿನ ಸದಸ್ಯತ್ವ, ಆತ್ಮಕಥೆ 'ಊರುಕೇರಿ'ಯ ನಗೆ. ಅಧಿಕಾರದ ನೆರಳಿನಲ್ಲಿ ಕಿಡಿ ಆರಿತೆಂದು ಟೀಕಿಸಿದವರುಂಟು.

ನಮ್ಮ ಎಣಿಕೆ ಬೇರೆ. ಮೊದಲಿನ ಹಾಡು ಕೇರಿಯನ್ನು ಎಬ್ಬಿಸಬೇಕಾಗಿತ್ತು. ಅದಕ್ಕೆ ಕೂಗೇ ಬೇಕು. ಮುಂದಿನ ಬರಹ ಊರಿನವರ ಮನಸ್ಸಿಗೂ ಇಳಿಯಬೇಕಾಗಿತ್ತು. ಬೈಸಿಕೊಂಡವನು ಬಾಗಿಲು ಹಾಕಿಕೊಳ್ಳುತ್ತಾನೆ. ನಕ್ಕವನು ನಕ್ಕುದೇತಕ್ಕೆಂದು ಆಮೇಲೆ ಯೋಚಿಸುತ್ತಾನೆ.

ಹಾಗೆಂದು ಮೆತ್ತನೆಯದನ್ನಷ್ಟೇ ಆರಿಸಿಕೊಳ್ಳುವುದು ಜಾಣತನವಾದೀತು, ನ್ಯಾಯವಾಗದು. ಉಪಾಧ್ಯಾಯರಾದ ನಮಗೆ ಈ ಆಮಿಷ ಹೆಚ್ಚು. ಹೊಸೂರು, ತಳಿ, ಡೆಂಕಣಿಕೋಟೆಯ ಕಡೆ ಊರಿನ ಮಕ್ಕಳೂ ಕೇರಿಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು, ಸಂಜೆ ಬೇರೆ ಬೇರೆ ದಾರಿ ಹಿಡಿಯುತ್ತಾರೆ. ತಣ್ಣನೆಯ ಪದ್ಯವನ್ನು ಮಾತ್ರ ಕಲಿಸಿದರೆ, ತನ್ನ ತಾತನ ಸಿಟ್ಟು ಬರಿಯ ಒರಟುತನವೆಂದು ಕೇರಿಯ ಮಗು ತಿಳಿದೀತು. ಬಿಸಿಯದನ್ನು ಮಾತ್ರ ಕಲಿಸಿದರೆ, ಊರಿನ ಮಗು ತಾನು ಅಪರಾಧಿಯೆಂದು ಕಿವಿ ಮುಚ್ಚಿಕೊಂಡೀತು.

ಆದುದರಿಂದ 'ಹೊಲೆ ಮಾದಿಗರ ಹಾಡ'ನ್ನು ಮೊದಲು ಓದಿಸಿ, 'ಕಪ್ಪು ಕಾಡಿನ ಹಾಡ'ನ್ನು ಅನಂತರ ಓದಿಸುವುದೇ ಲೇಸು. ಸಿಟ್ಟಿನ ಕಾರಣ ತಿಳಿದವರಿಗೇ ಅಳಲಿನ ಆಳ ತಿಳಿದೀತು. ಕವಿ 2021ರ ಜೂನ್ 11ರಂದು ತೀರಿಕೊಂಡರು. ಊರಿಗೂ ಕೇರಿಗೂ ನಡುವಿನ ಆ ಎರಡು ದಾರಿಗಳು ಇನ್ನೂ ಒಂದಾಗಿಲ್ಲ. ಅವು ಒಂದಾಗುವವರೆಗೆ ಎರಡು ಬಗೆಯ ಹಾಡಿಗೂ ಕೆಲಸವುಂಟು.